ಪಟ್ಟಿ

ಬರಗೂರು ಬೆಟ್ಟದಲ್ಲಿ ಪಟ್ಟಿ ಅಂದರೆ
ಕಾಡೊಳಗೆ ದನ ಕೂಡುವ ಮುಳ್ಳಿನ ಬೇಲಿ.
ರಾಯಪುರದ ಆಸ್ಪತ್ರೆಯಲ್ಲಿ ಬೇರೆ:
ಮೂರು ದಿನಕ್ಕೊಮ್ಮೆ ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು.
ಆ ಪಟ್ಟಿಯಿಂದ ಈ ಪಟ್ಟಿಗೆ ಬಂದು
ಎರಡು ಮಳೆಗಾಲ ಕಳೆಯಿತು.

ಮುಂಚೆ ನಾನು ಬೋರ್ ಲಾರಿಯವನು.
ತಿರುಚ್ಚೆಂಗೋಡಿನ ಗಾಡಿ, ಹನ್ನೊಂದು ಜನ,
ಕಂಡವರ ಹೊಲ, ಕಂಡವರ ನೀರು.
ಐನೂರ ನಲವತ್ತು ಅಡಿ, ಬರೀ ಬಿಳಿ ಹುಡಿ;
ಹೊಲದ ಹೆಂಗಸು ಅರಿಶಿನದ ತಟ್ಟೆ ಹಿಡಿದೇ ನಿಂತಿದ್ದಳು.
ಇನ್ನೊಂದು ರಾಡು, ಅಂದ ಮೇಸ್ತ್ರಿ ಪೊನ್ನುಸಾಮಿ.
ರಾಡು ಹಿಡಿದೆ.
ರಾಡು ನನ್ನನ್ನು ಹಿಡಿಯಿತು.
ನೀರು ಬಂತೋ ಇಲ್ಲವೋ ಯಾರೂ ಹೇಳಲಿಲ್ಲ,
ಬಲಗೈಯನ್ನು ಏನು ಮಾಡಿದರು, ಅದನ್ನೂ.

ಊರಿಗೆ ಬಂದೆ.
ಮಸಣಿ ಅನ್ನ ಕಲಸಿ ಇಡುತ್ತಿದ್ದಳು,
ಅಂಗಿಯ ಗುಂಡಿ ಹಾಕುತ್ತಿದ್ದಳು,
ಹಾಕುವಾಗ ಮುಖ ಆಚೆ ತಿರುಗಿಸುತ್ತಿದ್ದಳು.
ಎಡಗೈ ಕಲಿತ ಮೊದಲ ಕೆಲಸ ತಟ್ಟೆ ಎಸೆಯುವುದು.
ನ್ಯಾಯ ಸೇರಿತು. ಹಿರಿಯರು ಜಡೇಮಲ್ಲಣ್ಣ
ಎಲೆಯಡಿಕೆ ಉಗಿದು ಬಂದು, ಕೂತು, ಹೇಳಿದರು:
'ಒಂದು ಕೈಲಿ ಚಪ್ಪಾಳೆ ಆಗುತ್ತೇನಪ್ಪಾ?'
ಹೇಳಿದ ಮೇಲೆ ಅವರಿಗೇ ತಿಳಿಯಿತು.
ಇಡೀ ಕಟ್ಟೆ ನನ್ನ ಖಾಲಿ ತೋಳು ನೋಡಿತು,
ಆಮೇಲೆ ಬೇವಿನ ಮರ ನೋಡಿತು.
ಮೊದಲು ನಕ್ಕವನು ನಾನೇ.
ಮಸಣಿ ನಗಲಿಲ್ಲ.

ಇಲ್ಲಿ ಮೂವತ್ತೊಂದು ದನ, ಊರವರದು.
ಕೆಂಪು ಮೈ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ;
ಹೊಸಬರನ್ನು ಕಂಡರೆ ಬೇಲಿ ಹಾರುವ ಜಾತಿ.
ನನ್ನ ಎಡಗೈಯನ್ನು ಬಹಳ ದಿನ
ಹೊಸಬ ಅಂದುಕೊಂಡಿದ್ದವು. ನಾನೂ.
ಹಗ್ಗದ ಗಂಟು ಹಲ್ಲಿನಲ್ಲಿ, ಬೆಂಕಿಪೊಟ್ಟಣ ಮಂಡಿಗಳ ನಡುವೆ,
ಮುದ್ದೆ ತಿರುವಲು ಪಾತ್ರೆಗೆ ಎರಡೂ ಪಾದ
(ಸುಟ್ಟ ಕಲೆ ಇದೆ).
ಎಲೆಯಡಿಕೆ ಬಿಟ್ಟೆ, ಪುಣ್ಯಕ್ಕಲ್ಲ,
ಸುಣ್ಣ ಹಚ್ಚಲು ಇನ್ನೊಂದು ಕೈ ಬೇಕು.

ಹುಲಿಯ ಕಾಡು, ಪಟ್ಟಿ ಇರಕೂಡದು,
ಅಂತ ತಮಿಳಿನ ಕಾಗದ ತಂದ ಗಾರ್ಡು.
ಹೆಬ್ಬೆಟ್ಟು ಒತ್ತು ಅಂದ. ಎಡಗೈಯದೇ ಬೇಕಂತೆ.
ಸರಕಾರದ ಮುಂದೆ ಮಾತ್ರ
ನಾನು ಪೂರಾ ಮನುಷ್ಯ.

ರಾತ್ರಿ ಇಲ್ಲದ ಬೆರಳು ತುರಿಸುತ್ತೆ.
ಎಲ್ಲಿ ಅಂತ ಕೆರೆಯಲಿ?
ಗೆಜ್ಜೆ ಎಂಬ ಕಡಸು ಬಂದು
ಮೊಂಡು ತೋಳಿನ ಉಪ್ಪು ನೆಕ್ಕುತ್ತೆ;
ಆ ಒರಟು ನಾಲಿಗೆಗೆ ಐದೂ ಬೆರಳು
ಒಂದೊಂದಾಗಿ ಬಂದು ಕೂರುತ್ತವೆ,
ನೆಕ್ಕಿ ಮುಗಿದ ಮೇಲೆ ಎದ್ದು ಹೋಗುತ್ತವೆ.

ಮೊನ್ನೆ ಅಮಾವಾಸ್ಯೆಯ ಹಿಂದಿನ ರಾತ್ರಿ ಒಂಟಿ ಸಲಗ.
ಬೇಲಿಯಾಚೆ ಉಸಿರು, ಹಸಿ ಬಿದಿರು ಮುರಿದ ವಾಸನೆ.
ಇಂಥ ಹೊತ್ತಿಗೆ ಅಪ್ಪ ಚಪ್ಪಾಳೆ ತಟ್ಟುತ್ತಿದ್ದ,
ಬಂಡೆಯಿಂದ ಬಂಡೆಗೆ ಹಾರುವ ಚಪ್ಪಾಳೆ.
ನನ್ನ ಎಡಗೈ ಎದ್ದಿತು.
ಬಲಗೈಯೂ ಎದ್ದಿತು, ನನಗೆ ಗೊತ್ತು, ಎದ್ದಿತು.
ಎರಡೂ ಕೂಡಿದವು.
ಸದ್ದಾಗಲಿಲ್ಲ.
ಸಲಗ ಕಿವಿ ಬೀಸುವುದು ನಿಲ್ಲಿಸಿತು,
ಮೂವತ್ತೊಂದೂ ಮೆಲುಕು ನಿಲ್ಲಿಸಿದವು.
ಎಷ್ಟು ಹೊತ್ತೋ.
ಆಮೇಲೆ ಅದು ಲದ್ದಿ ಹಾಕಿ
ತನ್ನ ಪಾಡಿಗೆ ಹಳ್ಳಕ್ಕೆ ಇಳಿಯಿತು.
ಅದಕ್ಕೆ ಕೇಳಿಸಿತು ಅಂತ ನಾನು ಹೇಳುವುದಿಲ್ಲ.
ಬಾಯಾರಿರಬೇಕು.

ಬೆಳಗ್ಗೆ ಕೊಡ ಹಿಡಿದು ಅದೇ ಜಾಡಿನಲ್ಲಿ ಹೋದೆ.
ಹಳ್ಳ ಒಣಗಿ ತಿಂಗಳಾಗಿದೆ.
ಮರಳಿನಲ್ಲಿ ಗುಂಡಿ, ಮೊಣಕೈ ಆಳ ಅಷ್ಟೇ,
ತಳದಲ್ಲಿ ತಿಳಿ ನೀರು.
ರಾಡಿಲ್ಲ, ಕಂಪ್ರೆಸರ್ ಇಲ್ಲ,
ತೋಡಿದವನಿಗೂ ಒಂದೇ ಕೈ.

ಬೊಗಸೆ ಆಗದು ನನಗೆ.
ಬೋರಲಾಗಿ ಬಾಯಿ ಹಚ್ಚಿ
ದನದ ಹಾಗೆ ಕುಡಿಯುತ್ತ ಕುಡಿಯುತ್ತ
ಸುಮ್ಮನೆ ನೆನಪಾಯಿತು:
ಆ ಹೆಂಗಸು
ತಟ್ಟೆ ಕೆಳಗಿಟ್ಟಳೋ ಏನೋ.