ನಲವತ್ತೊಂದು ಗೋಡೆ

ಅವನ ಮೂಗು ನನಗೆ ಬಾಯಿಪಾಠ.
ಎಡಕ್ಕೆ ಒಂದಿಷ್ಟು ವಾಲಿದ್ದು,
ಹುಡುಗನಾಗಿದ್ದಾಗ ಬಂದರಿನ ಜಗಳದಲ್ಲಿ ಮುರಿದದ್ದಂತೆ.
ಮೊದಲ ಗೋಡೆಯಲ್ಲಿ ನೆಟ್ಟಗೆ ಬರೆದುಬಿಟ್ಟಿದ್ದೆ.
ಬಂದು ನೋಡಿ ನಕ್ಕ ಎವಾರಿಸ್ತೊ:
"ಲುದ್ಮಿಲಾ, ಇದು ಆಚೆ ಪಕ್ಷದವರ ಮೂಗು."

ಆಮೇಲೆ ನಲವತ್ತು ಗೋಡೆ.
ಮೀನು ಹರಾಜಿನ ಶೆಡ್ಡು, ಶಾಲೆಯ ಬೆನ್ನು,
ರೈಲು ಮರೆತ ನಿಲ್ದಾಣ,
ಸತ್ತವರೂ ಓಟು ಹಾಕಲೆಂದು ಸ್ಮಶಾನದ ಕಾಂಪೌಂಡು.
ಇದು ತಮಾಷೆಗೆ ಅಂದದ್ದು; ಯಾರೂ ನಗಲಿಲ್ಲ.
ಗಣಿಯ ಧೂಳು ಕುಡಿದು ಸತ್ತವರ ಹೆಂಡಂದಿರೇ
ಏಣಿ ಹಿಡಿದು ನಿಂತಿದ್ದರು.

ಮುಖದ ಕೆಳಗೆ ಎರಡೇ ಪದ: ನೀರು ಮೊದಲು.

ಅತಕಾಮದ ಅಂಚಿನ ಈ ಊರಲ್ಲಿ
ನೀರು ಎಂದರೆ ಒಂದು ಲಾರಿ,
ಮಂಗಳವಾರ, ಶುಕ್ರವಾರ.
ಹನಿ ಹನಿ ಕೂಡಿದರೆ ಹಳ್ಳ ಅನ್ನುವವರು
ಮಕ್ಕಳಿಗೆ ಮೊದಲು ಹಳ್ಳ ಎಂದರೇನು, ಹೇಳಬೇಕು.
ಗುಡ್ಡದ ನೆತ್ತಿಗೆ ಬಲೆ ಕಟ್ಟಿದ್ದೇವೆ,
ಕಡಲಿಂದ ಹತ್ತಿ ಬರುವ ಮಂಜಿಗೆ.
ಬಲೆ ಬೆವರುತ್ತದೆ, ಕೊಳವೆ ತೊಟ್ಟಿಕ್ಕುತ್ತದೆ,
ಬೆಳಗಾಗುವುದರೊಳಗೆ ಒಂದು ಪೀಪಾಯಿ.
ಚಳವಳಿ ಹುಟ್ಟಿದ್ದು ಆ ಪೀಪಾಯಿಯ ಸುತ್ತ:
ಯಾರಿಗೆ ಎಷ್ಟು ಕೊಡ, ಯಾರ ಪಾಳಿ ಯಾವತ್ತು,
ಕದ್ದರೆ ಏನು ದಂಡ.
ಹೊರ್ತೆನ್ಸಿಯಾಳ ಲೆಕ್ಕದ ಪುಸ್ತಕದಲ್ಲಿ
ಎವಾರಿಸ್ತೊ ಬರುವುದೇ ಹನ್ನೊಂದನೇ ಪುಟಕ್ಕೆ:
ಬಾಕಿ, ಎರಡು ಕೊಡ.

ಆದರೆ ಸುಳ್ಳು ಹೇಳಲಾರೆ.
ನಮ್ಮ ಬಾಯಲ್ಲಿ ಗೊಣಗಾಟವಾಗಿದ್ದದ್ದು
ಅವನ ಬಾಯಲ್ಲಿ ವಾಕ್ಯವಾಯಿತು.
ರಾಜಧಾನಿಯಿಂದ ಪತ್ರಕರ್ತರು ಬಸ್ಸಿಳಿದರು.
ಇಡೀ ಹಗಲು, ಇಡೀ ರಾತ್ರಿಯ ದಾರಿ,
ಒಂದು ಪೀಪಾಯಿಗಾಗಿ ಯಾರು ಬರುತ್ತಾರೆ?
ಒಂದು ಮೂಗಿಗಾಗಿ ಬಂದರು.

ಮತದಾನಕ್ಕೆ ಹದಿನೆಂಟು ದಿನ ಇರುವಾಗ
ನಾಮಪತ್ರ ವಾಪಸ್ ಪಡೆದ.
ಎದೆನೋವು ಅಂದರು ಕೆಲವರು,
ಗಣಿ ಕಂಪನಿ ಅಂದರು ಕೆಲವರು.
ಅವನ ಹೆಂಡತಿ ಕದ ತೆಗೆಯಲಿಲ್ಲ.
ಕಿಟಕಿಯಿಂದ ಕೈಚಾಚಿ
ತುಂಬಿದ ಎರಡು ಕೊಡ ಹೊರಗಿಟ್ಟಳು.

ಬಲೆ ಹೆಣೆಯುವ ಶೆಡ್ಡಿನಲ್ಲಿ ಸಭೆ.
"ಚಳವಳಿ ದೊಡ್ಡದು, ವ್ಯಕ್ತಿ ಅಲ್ಲ"
ಎಂದರು ಬೆಲಿಸಾರಿಯೊ ಮೇಷ್ಟ್ರು.
ಎಲ್ಲರೂ ತಲೆಯಾಡಿಸಿದರು.
ಆಡಿಸಿದ ತಲೆಗಳಲ್ಲಿ ಅರ್ಧ ಮರುದಿನ ಕಾಣಲಿಲ್ಲ.
ಮುದುಕಿ ಫಿಲೊಮೆನಾ ಮಾತ್ರ ಕೇಳಿದಳು:
"ದೊಡ್ಡದಾಗಿದ್ದರೆ ಅವನನ್ನೇಕೆ
ನಲವತ್ತೊಂದು ಸಲ ಬರೆದಿರಿ,
ಪೀಪಾಯಿಯನ್ನು ಒಂದು ಸಲವೂ ಬರೆಯದೆ?"
ಎಲ್ಲ ಕಣ್ಣೂ ನನ್ನ ಮೇಲೆ.
ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಅವನ ಕೆನ್ನೆಯ ಬಣ್ಣ.

ಸರಿ, ಸುಣ್ಣ ಬಳಿದುಬಿಡೋಣ ಅಂದರು.
ಸುಣ್ಣ ಕಲಸಲು ನೀರು ಬೇಕಲ್ಲ.
ಹೊರ್ತೆನ್ಸಿಯಾ ಪುಸ್ತಕ ತೆರೆದಳು, ಪೆನ್ಸಿಲು ನೆಕ್ಕಿದಳು:
ಗೋಡೆಗೆ ಎರಡು ಕೊಡ, ಒಟ್ಟು ಎಂಬತ್ತೆರಡು.
ಮುಚ್ಚಿದಳು.
ಅವನನ್ನು ಅಳಿಸುವಷ್ಟು ನೀರು ನಮ್ಮಲ್ಲಿಲ್ಲ.

ಹಾಗಾಗಿ ಇದ್ದಾನೆ ಇನ್ನೂ,
ಉಪ್ಪುಗಾಳಿಗೆ ಕಿವಿಯಿಂದ ಸಿಪ್ಪೆ ಏಳುತ್ತಾ.
ಬದಲಿ ಹೆಸರು ಹೊರ್ತೆನ್ಸಿಯಾಳದು.
ಮೈಕು ಕೊಟ್ಟರೆ ಕೆಮ್ಮುತ್ತಾಳೆ.
ನಿನ್ನ ಮುಖ ಬರೆಯಲೇ ಎಂದೆ.
"ಬೇಡ ಮಾರಾಯ್ತಿ, ನನ್ನ ಮೂಗು ನೆಟ್ಟಗಿದೆ.
ಪಾಳಿಯ ಪಟ್ಟಿ ಬರೆ."

ಕೊನೆಯ ಗೋಡೆಯಲ್ಲಿ ಅವನ ಮೂಗಷ್ಟೇ ಆಗಿತ್ತು.
ಅದರ ಪಕ್ಕಕ್ಕೇ ಬರೆದೆ:
ನೂರಾ ಹದಿಮೂರು ಮನೆ, ದಿನ, ಕೊಡ.
ಸಂಜೆ ಜನ ಬಂದು
ತಂತಮ್ಮ ಹೆಸರು ಹುಡುಕಿ, ಸಿಕ್ಕಮೇಲೆ
ಪಕ್ಕದ ಮನೆಯವರಿಗೆ ಹೆಚ್ಚಾಯಿತೆಂದು ಜಗಳ ತೆಗೆದರು.
ಸಮಾಧಾನವಾಯಿತು.

ಮರುಬೆಳಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ,
ಪಟ್ಟಿಯ ಕೆಳಗೆ ಯಾರೋ ಇದ್ದಿಲಲ್ಲಿ ಗೀಚಿದ್ದರು:
ಎವಾರಿಸ್ತೊ, ವಾಪಸ್ ಬಾ.
ಈ ಊರಿನ ಎಲ್ಲರ ಅಕ್ಷರ ನನಗೆ ಗೊತ್ತು.
ಹೇಳುವುದಿಲ್ಲ.