ಗುಟುಕಿನ ಲೆಕ್ಕ

ಏಳನೇ ತಿಂಗಳಲ್ಲಿ ನಾನು
ಬಾಯಾರಿಕೆಯನ್ನು ಸ್ಟಾಪುಗಳಲ್ಲಿ ಅಳೆಯುತ್ತಿದ್ದೆ.
ಕುರ್ಲಾದ ತುದಿಯಲ್ಲಿ ಹೆಂಗಸರ ಪಾಯಿಖಾನೆ ಒಂದಿದೆ,
ಚಿಲಕವಿಲ್ಲ, ಬಾಗಿಲನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು.
ಆಚೆ ತುದಿ ಸಾಂತಾಕ್ರೂಜಿನಲ್ಲಿ ಅದೂ ಇಲ್ಲ.
ನಡುವೆ ಒಂದು ಗಂಟೆ ಹತ್ತು ನಿಮಿಷ,
ಮೇ ತಿಂಗಳ ಟ್ರಾಫಿಕ್ಕಿನಲ್ಲಾದರೆ ದೇವರಿಗೇ ಗೊತ್ತು.

ಹಾಗಾಗಿ ಹೊರಡುವಾಗ ಎರಡು ಗುಟುಕು,
ಕಲೀನಾ ದಾಟಿದ ಮೇಲೆ ತುಟಿ ಒದ್ದೆಯಾಗುವಷ್ಟು.
ಟಿಕೆಟ್ಟಿನ ಲೆಕ್ಕ ತಪ್ಪಿದ್ದುಂಟು,
ಇದೊಂದು ತಪ್ಪಲಿಲ್ಲ.

ಒಂದು ಮಧ್ಯಾಹ್ನ ಹೊಟ್ಟೆ ಕಲ್ಲಿನಂತೆ ಬಿಗಿಯಿತು.
ಕಂಬಿ ಹಿಡಿದು ನಿಂತೆ. ಯಾರೋ ಚಿಲ್ಲರೆ ಕೇಳುತ್ತಲೇ ಇದ್ದರು.
ಉಚ್ಚೆ ಕಪ್ಪು ಚಹಾದ ಬಣ್ಣ.
ಹೇಳಬಾರದ ಮಾತೇನಲ್ಲ, ಹೇಳಿದೆ
ಮುನಸಿಪಾಲ್ಟಿ ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾಗೆ.
ಆಕೆ ಬೈಯಲಿಲ್ಲ. ನನ್ನ ಚೀಲದಿಂದ ಬಾಟಲಿ ತೆಗೆದು
ನಾಲ್ಕು ರಬ್ಬರ್ ಬ್ಯಾಂಡು ತೊಡಿಸಿದಳು,
ಕೇಸ್ ಪೇಪರಿನ ಕಟ್ಟಿಗೆ ಹಾಕುವಂಥವು.
"ಒಂದೊಂದು ಟ್ರಿಪ್ಪಿಗೆ ಒಂದೊಂದು ಗೆರೆ ಇಳಿಯಬೇಕು.
ಪಾಣೀ ಪೀ ಗ ಬಾಯಿ,
ಒಳಗಿರೋದು ಮೀನು, ಅದಕ್ಕೆ ಈಜೋಕೆ ಬೇಕು."

ಡ್ರೈವರ್ ಸಾವಂತ್ ಬಾಟಲಿ ನೋಡಿದ, ಏನೂ ಕೇಳಲಿಲ್ಲ.
ಮರುದಿನದಿಂದ ವಾಕೋಲಾದ ಪೆಟ್ರೋಲ್ ಪಂಪಿನೆದುರು
ಬಸ್ಸು ತಾನಾಗಿ ನಿಲ್ಲತೊಡಗಿತು, ಮೂರು ನಿಮಿಷ.
"ಇಂಜಿನ್ ಕಾದಿದೆ" ಅನ್ನುತ್ತಿದ್ದ ಜನಕ್ಕೆ, ಮುಖ ತಿರುಗಿಸದೆ.
ಪಂಪಿನ ಹುಡುಗ ಕೀಲಿ ಹಿಡಿದು ನಿಂತಿರುತ್ತಿದ್ದ
ಆಕಾಶ ನೋಡುತ್ತ.

ಹೆಣ್ಣು ಹುಟ್ಟಿತು.
ಇಂಡಿಯಿಂದ ಅತ್ತೆ ಗುರುಬಸವ್ವ ಬಂದರು
ಅಳವಿ, ಒಣಕೊಬ್ಬರಿ, ಬಜೆ, ಕೇರು ಬೀಜ,
ಮತ್ತೊಂದು ಕಾಯಿದೆ ಹೊತ್ತು:
"ಹಸಿ ಬಾಣಂತಿಗೆ ನೀರು ಆಗಂಗಿಲ್ಲ.
ಮೈ ತಣ್ಣಗ ಆಗತದ, ಹೊಟ್ಟಿ ಇಳಿಯಂಗಿಲ್ಲ."
ದಿನಕ್ಕೆ ಮೂರು ವಾಟಗಾ, ಅಳೆದು.
ಉಳಿದ ಹೊತ್ತು ನೀಲಿ ಡ್ರಮ್ಮಿನ ಮುಚ್ಚಳದ ಮೇಲೇ
ಕೂತು ಕುಂಚಿಗೆ ಹೊಲಿಯುತ್ತಿದ್ದರು.

ನಮ್ಮ ಚಾಳಿಗೆ ನಲ್ಲಿ ಬರುವುದು ನಸುಕಿನ ನಾಲ್ಕೂ ಐವತ್ತಕ್ಕೆ.
ಕೊಡಕ್ಕೆ ನೀರು ಬೀಳುವ ಸದ್ದಿಗೇ
ಎದೆ ಸೊರಬಿಡುತ್ತಿತ್ತು, ಕುಪ್ಪಸ ತೊಯ್ಯುತ್ತಿತ್ತು.
ಮಗು ಬಾಯಿಟ್ಟ ಕೂಡಲೇ ಹತ್ತಿಕೊಳ್ಳುವ ಆ ದಾಹ,
ಅದನ್ನು ಯಾರೂ ಹೇಳಿರಲಿಲ್ಲ ನನಗೆ.
ಗಂಟಲಿನದಲ್ಲ. ಬೆನ್ನಹುರಿಯಿಂದ,
ಹಲ್ಲಿನ ಬೇರಿನಿಂದ ಎಳೆದುಕೊಂಡ ಹಾಗೆ.
ಅದು ಒಂದು ಗುಟುಕು ನುಂಗಿದರೆ
ನನ್ನೊಳಗೆ ಬಕೆಟ್ಟಿನ ತಳ ಕೆರೆದ ಸದ್ದು.

ಹನ್ನೊಂದನೇ ರಾತ್ರಿ ಕತ್ತಲಲ್ಲಿ ಬಾಟಲಿ ತಡಕಿದೆ.
ರಬ್ಬರ್ ಬ್ಯಾಂಡುಗಳಷ್ಟೇ ಬೆರಳಿಗೆ ಸಿಕ್ಕವು.
ಗುರುಬಸವ್ವ ಎದ್ದು ಕೂತಿದ್ದರು.
ಬೈಗುಳಕ್ಕೆ ಕಾದೆ.

"ನಿನ್ನ ಗಂಡನ್ನ ಹಡದಾಗ," ಅಂದರು,
"ಹೊರಸಿನ ಕೆಳಗ ಕೆಂಡ, ಮ್ಯಾಲ ಬ್ಯಾಸಗಿ.
ನಮ್ಮತ್ತಿ ಬಚ್ಚಲಕ್ಕೂ ಕೀಲಿ ಹಾಕಿದ್ದಳು.
ಮೂಲ್ಯಾಗ ಒಂದು ಹರವಿ, ಬಾಯಿ ಬಿಗದು ಕಟ್ಟಿದ್ದು.
ಹೊಸ ಹರವಿ. ಅದರ ಮೈ ಬೆವರತದಲ್ಲ,
ಅದನ್ನ ನೆಕ್ಕಿದೆ. ಎಂಟು ದಿನ.
ಆ ಮಣ್ಣಿನ ರುಚಿ ಇನ್ನಾ ಹೋಗಿಲ್ಲ ನೋಡು."

ದೀಪ ಹಾಕಲಿಲ್ಲ. ಗ್ಯಾಸಿನ ಹಿಂದಿನಿಂದ ಚಂಬು ತಂದರು,
ಸಂಜೆಯೇ ಕುದಿಸಿ ಆರಿಸಿಟ್ಟಿದ್ದರಂತೆ.
"ಕುಡಿ. ಹೊಟ್ಟಿ ಬಂದರ ಬರಲಿ,
ಸೀರಿ ಉಡತೀಯಲ್ಲ, ಯಾರಿಗೆ ಕಾಣಸತದ?"

ಕುಡಿದೆ. ಉಸಿರು ತೆಗೆದುಕೊಳ್ಳದೆ ಕುಡಿದೆ.
ಗದ್ದದಿಂದ ಸೋರಿ ಮಗುವಿನ ಕಿವಿಗೆ ಹನಿಯಿತು,
ಬೆಚ್ಚಿತು, ಮೊಲೆ ಬಿಡಲಿಲ್ಲ.
ತಳದಲ್ಲಿ ಉಳಿದದ್ದನ್ನು ಅವರು ಎತ್ತಿ ಹೊಯ್ದುಕೊಂಡರು,
ತುಟಿಗೆ ತಾಗಿಸದೆ.
ಆಮೇಲೆ ಚಂಬಿನ ಹೊರಮೈಯನ್ನು
ಸೆರಗಿನಿಂದ ಒರೆಸಿದರು, ಒಂದು ಹನಿ ಉಳಿಯದ ಹಾಗೆ.