ಐದು ಗ್ರಾಂ

ಅಪಿಯಾದ ಆಸ್ಪತ್ರೆಯ ಹಿಂಬದಿ ಕೋಣೆ.
ಫ್ಯಾನಿನ ಗಾಳಿಗೆ ಹಾರದಂತೆ
ಹಾಳೆಗಳ ಮೇಲೆ ಗ್ಲೂಕೋಮೀಟರ್ ಇಟ್ಟು
ಉಪುಮೋನಿ ಓದಿ ಹೇಳುತ್ತಾಳೆ:
'ಈ ಅಧ್ಯಯನದಿಂದ ನಿಮಗೆ ನೇರ ಪ್ರಯೋಜನ
ಆಗದೆಯೂ ಇರಬಹುದು.'
ಅವಳ ಹೆಸರಿನ ಅರ್ಥ ದಿಟದ ಮಾತು.
ಅದಕ್ಕೋ ಏನೋ, ಆ ಸಾಲನ್ನು ನುಂಗುವುದಿಲ್ಲ.

ತೆಲೇಸಿಯ ತಲೆಯಾಡಿಸುತ್ತಾಳೆ.
ಮೂವತ್ತೊಂದು ವಯಸ್ಸು, ಆರು ವರ್ಷದ ಸಕ್ಕರೆ,
ಇದು ಎರಡನೇ ಬಸಿರು.
ಮೊದಲನೆಯದು ಏಳರಲ್ಲಿ, ಒಂದು ಭಾನುವಾರ,
ಇಗರ್ಜಿಯ ಹಾಡಿನ ನಡುವೆ
ಒದೆಯುವುದನ್ನು ನಿಲ್ಲಿಸಿತ್ತು.
ಆಗ ಯಾರೂ ಏನನ್ನೂ ಅಳೆದಿರಲಿಲ್ಲ.

ಈಗ ಎಲ್ಲವನ್ನೂ ಅಳೆಯುತ್ತಾರೆ.
ಬೆರಳ ತುದಿಯ ನೆತ್ತರು, ತೋಳಿನ ಒತ್ತಡ,
ಪಾದದ ಬಾವಿನಲ್ಲಿ ಹೆಬ್ಬೆರಳೊತ್ತಿದ ಗುಳಿ
ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು.
ಇಪ್ಪತ್ತನಾಲ್ಕು ಗಂಟೆಯ ಮೂತ್ರ,
ಕಿತ್ತಳೆ ಬಣ್ಣದ ಕ್ಯಾನಿನಲ್ಲಿ.
ಮರದ ಸೀಟಿನ ಬಸ್ಸಿನಲ್ಲಿ, ಚೀಲದೊಳಗೆ
ಅದು ತುಳುಕುತ್ತಿತ್ತು, ಡ್ರೈವರನ ಹಾಡಿಗೆ ಸರಿಯಾಗಿ.
ಪಕ್ಕದವಳ ತೊಡೆಯೇರಿ ಕೂತ ಹುಡುಗಿ ಕೇಳಿತು:
'ಅಕ್ಕಾ, ಜ್ಯೂಸಾ?'
'ಹೂಂ,' ಎಂದಳು ತೆಲೇಸಿಯ, 'ವಿಜ್ಞಾನಿಗಳಿಗೆ.'

ಅವಳ ತಾಯಿ ಫೆಟುವಾವೊ ವಾರಕ್ಕೆ ಮೂರು ದಿನ
ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ
ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಾಳೆ.
ಮೂತ್ರಪಿಂಡ ಎರಡೂ ಕೈಬಿಟ್ಟು ನಾಲ್ಕು ವರ್ಷ.
ಕ್ಯಾನು ಕಂಡು ಮುದುಕಿಗೆ ಹೊಟ್ಟೆಕಿಚ್ಚು:
'ಇಷ್ಟೊಂದಾ? ಒಂದೇ ದಿನಕ್ಕಾ?'

ತಕರಾರು ಬಂದದ್ದು ನಾಲ್ಕನೇ ಹಾಳೆಯಲ್ಲಿ.
ಹೆರಿಗೆಯ ನಂತರ ಮಾಸನ್ನು
ಸಂಶೋಧನೆಗೆ ಕೊಡಲು ಒಪ್ಪುತ್ತೀರಾ?

ಕನ್ನಡದಲ್ಲಿ ಅದು ಮಾಸು. ಕಸ ಎಂದೂ ಹೇಳುತ್ತೇವೆ.
'ಕಸ ಬಿತ್ತಾ?' ಎಂದು ಕೇಳಿ, ಬಿದ್ದ ಮೇಲೆಯೇ
ನಮ್ಮ ಸೂಲಗಿತ್ತಿಯರು ಉಸಿರು ಬಿಡುತ್ತಿದ್ದರು.
ಅವರ ನುಡಿಯಲ್ಲಿ ಅದು ಫನುವಾ.
ನೆಲಕ್ಕೂ ಅದೇ ಪದ.
ಮನೆಯ ಬದಿಗೆ ಹೂಳುತ್ತಾರೆ, ನೆಲಕ್ಕೆ ನೆಲ,
ಎಲ್ಲಿಗೆ ಹೋದರೂ ಮಗುವಿನ ಕಾಲು
ಇತ್ತ ತಿರುಗಲಿ ಎಂದು.

'ನಾವು ನೆಲ ಮಾರುವವರಲ್ಲ,' ಎಂದ ಗಂಡ ಇಯೋನಾ.
'ಮಾರುವುದಲ್ಲ. ಐದು ಗ್ರಾಂ. ಹೆಬ್ಬೆರಳ ತುದಿಯಷ್ಟು.
ಮಿಕ್ಕದ್ದು ನಿಮ್ಮ ಕೈಗೇ.'
'ಆ ಐದು ಗ್ರಾಂ ಎಲ್ಲಿಗೆ ಹೋಗುತ್ತೆ?'
'ಆಕ್ಲೆಂಡಿಗೆ. ಸೊನ್ನೆಗಿಂತ ಎಂಬತ್ತು ಕೆಳಗಿನ ಚಳಿಗೆ.'
ಹಿಮವನ್ನೇ ಕಾಣದ ಇಯೋನಾ ಭುಜ ಮುದುಡಿಕೊಂಡ.
'ಆಮೇಲೆ?'
'ಸಕ್ಕರೆ ಯಾವ ದಾರಿಯಲ್ಲಿ ನರಗಳನ್ನು ಕೆಡಿಸುತ್ತದೆ,
ಬಸಿರಿನಲ್ಲೂ ಕಿಡ್ನಿಯಲ್ಲೂ ಅದೇ ದಾರಿಯೋ, ನೋಡುತ್ತಾರೆ.'
'ಗೊತ್ತಾದರೆ?'
'ಹತ್ತು ಹದಿನೈದು ವರ್ಷಕ್ಕೆ, ಬಹುಶಃ,
ಯಾರಿಗೋ ಒಂದು ಗುಳಿಗೆ.'

ಫ್ಯಾನು ಮೂರು ಸುತ್ತು ಕಿರುಗುಟ್ಟಿತು.
'ಮೊದಲನೆಯದರದ್ದು,' ಎಂದಳು ತೆಲೇಸಿಯ,
'ಯಾರೂ ಕೇಳಲೇ ಇಲ್ಲ.'
ಸಹಿ ಹಾಕಿದಳು. ಪೆನ್ನು ಎರಡು ಸಲ ಕೈಕೊಟ್ಟಿತು.

ಮೂವತ್ತಾರನೇ ವಾರ ಒತ್ತಡ ಏರಿತು,
ಕಣ್ಣ ಮುಂದೆ ಮಿಂಚುಹುಳ. ಹೊಟ್ಟೆ ಕೊಯ್ದರು.
ಹೆಣ್ಣು. ಎರಡು ಕಿಲೋಗೆ ಸ್ವಲ್ಪ ಕಡಿಮೆ, ಸಿಟ್ಟಿಗೆ ಕಡಿಮೆಯಿಲ್ಲ.
ಬೆಳಗಿನ ಜಾವ ಮೂರೂ ಹತ್ತಕ್ಕೆ ಉಪುಮೋನಿ
ತುಂಡು ಕತ್ತರಿಸಿ ಉಪ್ಪುನೀರಲ್ಲಿ ತೊಳೆದು
ನಳಿಕೆಯ ಮೇಲೆ ಅಂಕಿ ಬರೆದಳು,
ಬರೆದ ಮೇಲೆ ಯಾಕೋ ಕ್ಷಣ ಅಂಗೈಯಲ್ಲೇ ಹಿಡಿದಿದ್ದಳು.

ಮಿಕ್ಕದ್ದನ್ನು ಐಸ್‌ಕ್ರೀಮಿನ ಡಬ್ಬಿಯಲ್ಲಿ
ಇಯೋನಾ ಬಸ್ಸಿನಲ್ಲಿ ಒಯ್ದ, ತೊಡೆಯ ಮೇಲಿಟ್ಟುಕೊಂಡು.
ಹಲಸಿನಂಥ ಆ ಬ್ರೆಡ್‌ಫ್ರೂಟ್ ಮರದ ಬುಡದಲ್ಲಿ ಅಗೆದ.
ಯಂತ್ರ ಬಿಟ್ಟು ಬಂದ ಫೆಟುವಾವೊ
ಗುಂಡಿಯ ಬಳಿ ಮಣೆ ಹಾಕಿಸಿಕೊಂಡು ಕೂತಳು.
'ನನ್ನ ತಮ್ಮ ಮೂರು ಸಲ ಅರ್ಜಿ ಹಾಕಿದ,' ಎಂದಳು,
'ವೀಸಾ ಕೊಡಲಿಲ್ಲ ಅವರು.
ಈಗ ನೋಡು, ಆಕ್ಲೆಂಡಿನಲ್ಲಿ
ನಮ್ಮದೂ ಐದು ಗ್ರಾಂ ನೆಲ.'

ತೆಲೇಸಿಯಳ ಕಾಲಿನ ಗುಳಿ ಇನ್ನೂ ನಿಧಾನ.
ಆರು ವಾರಕ್ಕೆ ಬರಹೇಳಿದ್ದಾರೆ,
ಕ್ಯಾನು ಸಮೇತ.